ನಾಲ್ಕನೆಯ ಸೂಜಿಗುರುತು

ಇಪ್ಪತ್ತೆರಡು ವರ್ಷದ ಹಿಂದೆ ಅಸೊಮುವಾ ತನ್ನ ಅಪ್ಪನಿಗೆ ಒಂದು ಮಾತು ಕೊಟ್ಟಿದ್ದ. ಆಗಷ್ಟೇ ಪೊಲೀಸ್ ಸೇರಿದ್ದ ಹುರುಪು. ತಪ್ಪು ಮಾಡಿದವನೊಬ್ಬ ನೊಂದವರ ಮನೆಯೆದುರು ನವಿರು ಚಾಪೆ ಹೊದ್ದು ತಲೆತಗ್ಗಿಸಿ ಕೂತಿದ್ದ. ಅಲ್ಲಿನ ಪದ್ಧತಿಯಂತೆ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಅಲ್ಲಿಯವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಅಸೊಮುವಾ ತೋಳು ಹಿಡಿದು ಎಳೆದು ಬೇಡಿ ಹಾಕಿದ. ಅಪ್ಪ ಆರು ತಿಂಗಳು ಮಗನ ಜೊತೆ ಊಟಕ್ಕೆ ಕೂರಲಿಲ್ಲ. "ಚಾಪೆಯಡಿ ಇರೋರ ಮೇಲೆ ಇನ್ಯಾವತ್ತೂ ಕೈ ಹಾಕಲ್ಲಪ್ಪ" ಅಂದ ಮೇಲೆಯೇ ಮುದುಕ ತಟ್ಟೆ ಮುಂದಕ್ಕೆಳೆದುಕೊಂಡದ್ದು.

ಮಾರ್ಚ್ 11, ಸೋಮವಾರ, ಬೆಳಿಗ್ಗೆ 8.20. ಸವಾಯಿ ದ್ವೀಪದ ಠಾಣೆಗೆ ಸಿಲಿಮಾಲೊ ಊರಿನ ಮುಖ್ಯಸ್ಥ ಇಯೋಸೆಫೋ ಬಂದ. ಅಸೊಮುವಾ ಈಗ ಅಲ್ಲಿನ ಇನ್‌ಸ್ಪೆಕ್ಟರ್.

"ಆ ಡಾಕ್ಟರಮ್ಮನ ಮೇಲೆ ದೂರು ಬರ್ಕೊಳ್ಳಿ. ನನ್ನ ತಂಗಿ ಹೊಟ್ಟೇಲಿ ಏನೋ ಬಿಟ್ಟು ಹೊಲಿದವ್ಳೆ."

"ಏನು ಬಿಟ್ಟರು?"

"ಅದನ್ನ ಕಂಡುಹಿಡಿಯೋಕೆ ಸರ್ಕಾರ ನಿಮಗೆ ಸಂಬಳ ಕೊಡೋದು."

ಕಾನ್‌ಸ್ಟೆಬಲ್ ಪೆಲೆ ನಗು ನುಂಗಿಕೊಂಡು ಬರೆದುಕೊಂಡಳು. ಫುವಾತಿನೋ, ಐವತ್ತೆರಡು ವರ್ಷ, ವಿಧವೆ, ಚಾಪೆ ನೇಯುವವಳು. ಜನವರಿಯಲ್ಲಿ ಹೊಟ್ಟೆಯ ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ. ಗಾಯ ಮಾಯಿತು, ಆದರೆ ಹೊಟ್ಟೆ ಮತ್ತೆ ಮತ್ತೆ ಉಬ್ಬುತ್ತಿತ್ತು. ಭಾನುವಾರ ಚಳಿಜ್ವರ ಬಂದು ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದಳು. ದೂರು ಸಂಖ್ಯೆ 41.

10.15ಕ್ಕೆ ಆಸ್ಪತ್ರೆ. ಡಾಕ್ಟರ್ ವೈತೋವಾ ಕಡತ ಮುಂದಿಟ್ಟಳು.

"ಒಳಗೆ ನಾವೇನೂ ಬಿಟ್ಟಿಲ್ಲ. ಆಪರೇಷನ್ ಆದ ಜಾಗದಲ್ಲಿ, ಚರ್ಮದಡಿ, ನೀರು ತುಂಬ್ಕೊಳ್ತಿತ್ತು. ಕೆಲವರಿಗೆ ಹಾಗಾಗುತ್ತೆ. ಮೂರು ಸಲ ಸೂಜಿ ಹಾಕಿ ತೆಗೆದೆ. ಮತ್ತೆ ತುಂಬ್ತು."

"ಮೂರೇ ಸಲವಾ?"

ಅವಳು ಒಳಗೆ ಕರೆದೊಯ್ದು ಹೊದಿಕೆ ಸರಿಸಿದಳು. ಇನ್ನೂ ಎಚ್ಚರವಿಲ್ಲದ ಫುವಾತಿನೋಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊಲಿಗೆಯ ಬಲಕ್ಕೆ ಮೂರು ಹಳೆಯ ಚುಕ್ಕೆಗಳು. ಎಡಕ್ಕೆ ಇನ್ನೊಂದು, ಹಸಿಯದು, ಸುತ್ತ ಕಪ್ಪುಗಟ್ಟಿತ್ತು.

"ಇದು ನಂದಲ್ಲ," ಅಂದಳು ವೈತೋವಾ. "ಬರೀ ಸೋಂಕಾದ್ರೆ ಔಷಧಿ ಕೊಟ್ಟು ಕಾಯ್ತೀನಿ. ಬಿಪಿ ಇಷ್ಟು ಇಳಿದಿರೋವಾಗ ಅರಿವಳಿಕೆ ಕೊಟ್ಟು ಮತ್ತೆ ಬಿಚ್ಚಿದ್ರೆ ಏಳೋದು ಅನುಮಾನ. ಆದ್ರೆ ಯಾರಾದ್ರೂ ಒಳಗೆ ಏನಾದ್ರೂ ಹಾಕಿದ್ರೆ, ಕಾಯೋದ್ರಲ್ಲೇ ಸಾಯ್ತಾಳೆ. ಏನಾಗಿದೆ ಅಂತ ತಿಳ್ಕೊಂಡು ಹೇಳಿ. ನಾಳೆ ಮಧ್ಯಾಹ್ನ ದಾಟಿದ್ರೆ ಹೇಳಿಯೂ ಉಪಯೋಗವಿಲ್ಲ."

ಮಧ್ಯಾಹ್ನವೆಲ್ಲ ಸಿಲಿಮಾಲೊದಲ್ಲಿ ವಿಚಾರಣೆ. ಸೂಜಿಯ ವಿಷಯ ಅಸೊಮುವಾ, ಪೆಲೆ ಇಬ್ಬರೂ ಬಾಯಿ ಬಿಡಲಿಲ್ಲ, ಇಯೋಸೆಫೋಗೂ ಹೇಳಲಿಲ್ಲ. ಯಾರ ಮನೆಗೆ ಯಾರು ಬಂದರು, ಯಾವಾಗ ಬಂದರು, ಅಷ್ಟೇ ಕೇಳಿದರು. ಯಾರಿಗೂ ಏನೂ ಗೊತ್ತಿಲ್ಲ. ದೀವಿಹಲಸು ಸುಡುತ್ತಿದ್ದ ಹೆಂಗಸೊಬ್ಬಳು ಮಾತ್ರ ಕಿಸಕ್ಕೆಂದಳು.

"ಆ ಹೊಟ್ಟೆ ಸಮಾಚಾರವಾ? ಗಂಡ ಸತ್ತು ಒಂಬತ್ತು ವರ್ಷ, ಹೊಟ್ಟೆ ನೋಡಿದ್ರೆ ಆರು ತಿಂಗಳು. ಇಡೀ ಚರ್ಚಿಗೆ ಗೊತ್ತು ಬಿಡಿ!"

"ಈ ಮಾತು ಹುಟ್ಟಿದ್ದೆಲ್ಲಿ?" ಪೆಲೆ ಕೇಳಿದಳು.

"ಹಾಡೋ ಹೆಂಗಸರ ಸಾಲಲ್ಲಿ. ತಮಾಷೆಗೇ ಕಣಮ್ಮ. ಅವಳು ಆಮೇಲೆ ಹಾಡೋಕೇ ಬರ್ಲಿಲ್ಲ."

ಮರುದಿನ, ಮಂಗಳವಾರ, ಬೆಳಿಗ್ಗೆ 5.50ಕ್ಕೆ ಠಾಣೆಯ ಫೋನು ಹೊಡೆದುಕೊಂಡಿತು. ಇಯೋಸೆಫೋನ ಮನೆಯೆದುರು ಯಾರೋ ಚಾಪೆ ಹೊದ್ದು ಕೂತಿದ್ದಾರಂತೆ.

ಜೀಪು ಹತ್ತುತ್ತಾ ಪೆಲೆ ಕೇಳಿದಳು: "ಡಾಕ್ಟರ್ ಬಂದು ಕೂತ್ರಾ ಸಾರ್?"

"ಡಾಕ್ಟರ್ ಆಸ್ಪತ್ರೇಲವ್ರೆ. ದೂರು ಇರೋದು ಡಾಕ್ಟರ ಮೇಲೆ. ಸೂಜಿ ಸುದ್ದಿ ಊರಿಗೆ ಗೊತ್ತಿಲ್ಲ. ಅಂದ್ಮೇಲೆ ಬೇರೆಯವ್ರು ಯಾಕೆ ಕ್ಷಮೆ ಕೇಳ್ತಾರೆ?"

ಅಂಗಳದ ಜಲ್ಲಿಕಲ್ಲಿನ ಮೇಲೆ ಒಂಟಿ ಚಾಪೆ, ಅದರಡಿ ಬಾಗಿದ ಬೆನ್ನು. ಹೊರಗೆ ಕಾಣುತ್ತಿದ್ದುದು ಹೆಂಗಸಿನ ಎರಡು ಪಾದ, ಅಷ್ಟೆ. ಸಾಮಾನ್ಯವಾಗಿ ತಪ್ಪು ಮಾಡಿದವರ ಮನೆಯ ಹಿರಿಯ ಮುಂದೆ ನಿಂತು ಇಡೀ ಮನೆತನವೇ ಬರುತ್ತದೆ. ಇವಳು ಒಬ್ಬಳೇ ಬಂದಿದ್ದಳು.

ಇಯೋಸೆಫೋ ಜಗಲಿಯಿಂದ ಇಳಿಯಲಿಲ್ಲ. "ಮನೆ ಹಿರಿಯ ಇಲ್ದೆ ಬಂದ್ರೆ ಇದೇನು ಆಟವಾ? ಅವರ ಮನೆಯವ್ರು ಬರ್ಲಿ. ನಾನು ಎತ್ತಲ್ಲ."

"ಎತ್ತಬೇಡ," ಅಂದ ಅಸೊಮುವಾ. "ಇವಳನ್ನ ಒಂದು ಮಾತು ಕೇಳೋಕೆ ಬಿಡು."

"ಚಾಪೆಯಡಿ ಮಾತಿಲ್ಲ. ನಿನಗೂ ಗೊತ್ತು."

ಒಂಬತ್ತಾಯಿತು. ಬಿಸಿಲು ಏರಿತು. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. 10.40ಕ್ಕೆ ಮೂರನೆಯ ಸಲ ಮಾತಾಡಿ ಪೆಲೆ ಓಡಿ ಬಂದಳು.

"ಬಿಪಿ ಇನ್ನೂ ಇಳೀತಿದೆಯಂತೆ. ಎಳೆದುಬಿಡೋಣ ಸಾರ್. ನೀವು ಬೇಡ, ನಾನು ಎಳೀತೀನಿ. ನಮ್ಮಪ್ಪನಿಗೆ ನಾನೇನೂ ಮಾತು ಕೊಟ್ಟಿಲ್ಲ."

ಅಂದರೆ ಆ ಕತೆ ಠಾಣೆಗೆಲ್ಲ ಗೊತ್ತು. ಅಸೊಮುವಾ ಟೋಪಿ ತೆಗೆದು ಅವಳ ಕೈಗಿತ್ತ. ಜಲ್ಲಿಕಲ್ಲಿನ ಮೇಲೆ ಮಂಡಿಯೂರಿದ. ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಅವನು ಹೆಂಗಸನ್ನು ಮುಟ್ಟಲಿಲ್ಲ, ಚಾಪೆ ಸರಿಸಲಿಲ್ಲ. ತಲೆಬಗ್ಗಿಸಿ ತಾನೂ ಅದರಡಿ ತೂರಿ ಕೂತ.

ಒಳಗೆ ಸೆಕೆ, ಒಣಗಿದ ಕೇದಗೆ ಎಲೆಯ ವಾಸನೆ. ಪಕ್ಕದ ಮುಖ ಗುರುತು ಸಿಕ್ಕಿತು. ಅಕೆನೆಸೆ. ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿ ನಿವೃತ್ತಿಯಾದವಳು. ಚರ್ಚಿನಲ್ಲಿ ಫುವಾತಿನೋಳ ಪಕ್ಕದಲ್ಲೇ ನಿಂತು ಹಾಡುತ್ತಿದ್ದವಳು.

"ಇದರೊಳಗೆ ಮಾತಾಡಬಾರ್ದು," ಅವಳು ಪಿಸುಗುಟ್ಟಿದಳು.

"ನೀನು ಮಾತಾಡದಿದ್ರೆ ಅಕ್ಕಾ, ಸಂಜೆ ಇದೇ ಚಾಪೆ ಫುವಾತಿನೋಳ ಹೆಣಕ್ಕೆ ಹೊದಿಸ್ತಾರೆ."

ಅವಳು ಮುಖ ಅವನ ಕಡೆ ತಿರುಗಿಸಿದಳು.

"ಸೂಜಿ ಹಾಕಿದ್ದು ಯಾವತ್ತು?"

"ಶನಿವಾರ. ಮಧ್ಯಾಹ್ನ."

"ಬರೀ ನೀರು ತೆಗೆದ್ಯಾ?"

"ತೆಗೆದೆ. ಮತ್ತೆ ತುಂಬದ ಹಾಗೆ... ಔಷಧಿ ಹಾಕಿ ಒಳಗಿನ ಪದರ ಅಂಟಿಸಬಹುದು ಅಂತ ಡಾಕ್ಟರಮ್ಮ ಅವಳಿಗೆ ಹೇಳಿದ್ರು. ರಾಜಧಾನಿಗೆ, ಅಪಿಯಾಕ್ಕೆ ಹೋಗ್ಬೇಕು, ಮೂರು ವಾರ ಕಾಯ್ಬೇಕು ಅಂದ್ರು. ಅವಳು ಅಳ್ತಿದ್ಲು."

"ಏನು ಹಾಕ್ದೆ?"

"ಸ್ಪಿರಿಟ್ಟು. ಒಲೆ ಹಚ್ಚೋದು."

"ಪೆಲೆ!" ಅಸೊಮುವಾ ಚಾಪೆಯೊಳಗಿಂದಲೇ ಕೂಗಿದ. "ಡಾಕ್ಟರಿಗೆ ಫೋನ್ ಮಾಡು, ಒಳಗೆ ಸ್ಪಿರಿಟ್ ಹಾಕವ್ಳೆ! ಶನಿವಾರ ಮಧ್ಯಾಹ್ನ! ಈಗಲೇ ಹೇಳು!"

10.52ಕ್ಕೆ ವೈತೋವಾ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದಳು. ಅಸೊಮುವಾ ಹೊರಬಂದು ಅಲ್ಲೇ ಜಲ್ಲಿಕಲ್ಲಿನ ಮೇಲೆ ಕೂತ. ಜಗಲಿಯಿಂದ ಯಾರೋ ಅವನಿಗೆ ಎಳನೀರು ತಂದರು. ಅವನು ಅದನ್ನು ಚಾಪೆಯ ಅಂಚಿನಲ್ಲಿಟ್ಟ. ಒಳಗಿನಿಂದ ಕೈ ಬರಲಿಲ್ಲ.

1.35ಕ್ಕೆ ಫೋನು. ಕೊಳೆತದ್ದನ್ನು ಕತ್ತರಿಸಿ ತೊಳೆದಿದ್ದಾರೆ. ಬಿಪಿ ಏರುತ್ತಿದೆ. ಉಳಿಯುತ್ತಾಳೆ ಅನ್ನಿಸುತ್ತದೆ.

ಸುದ್ದಿ ಕೇಳಿದ ಕೂಡಲೇ ಇಯೋಸೆಫೋ ಜಗಲಿ ಇಳಿದು ಬಂದು ಎರಡೂ ಕೈಯಿಂದ ಚಾಪೆ ಎತ್ತಿದ. "ಎದ್ದೇಳು," ಅಂದ. "ಎಳನೀರು ಕುಡಿ. ಬಿಸಿಲಿಗೆ ಸತ್ತರೆ ಅದೂ ನನ್ನ ತಲೆಗೇ."

1.48ಕ್ಕೆ ಅಸೊಮುವಾ ಅಕೆನೆಸೆಗೆ ಬಂಧನದ ಮಾತು ಹೇಳಿದ. ಅವಳ ಮನೆಯಲ್ಲಿ ಇಬ್ಬರು ಸಾಕ್ಷಿಗಳೆದುರು ಪಂಚನಾಮೆ: ದೊಡ್ಡ ಸಿರಿಂಜು ಒಂದು, ಸ್ಪಿರಿಟ್ ಬಾಟಲಿ ಒಂದು, ನೀರು ಬಸಿದ ಎನಾಮಲ್ ಬೋಗುಣಿ ಒಂದು. ಇಯೋಸೆಫೋ ಡಾಕ್ಟರ ಮೇಲಿನ ದೂರನ್ನು ಹಿಂತೆಗೆದುಕೊಂಡ. ಕ್ಷಮಿಸಿದ ವಿಷಯವನ್ನು ನ್ಯಾಯಾಲಯದ ಗಮನಕ್ಕೆ ತರಲು ಪೆಲೆ ಕಡತದಲ್ಲಿ ಬರೆದಳು.

ಹೇಳಿಕೆಯ ಕೊನೆಯಲ್ಲಿ ಅಸೊಮುವಾ ಕೇಳಿದ: "ಆಸ್ಪತ್ರೆ ಏನು ಅಂತ ಗೊತ್ತಿದ್ದವಳು ನೀನು. ಯಾಕೆ?"

"ಅವಳು ಬಸುರಿ ಅಂತ ಮೊದಲು ಅಂದಿದ್ದು ನಾನೇ," ಅಂದಳು ಅಕೆನೆಸೆ. "ಪಕ್ಕದವಳ ಕಿವೀಲಿ. ನಗೋಕೆ. ಊರೆಲ್ಲ ಹಬ್ಬಿಬಿಡ್ತು. ಅವಳು ಹಾಡೋದು ಬಿಟ್ಲು, ಬಾಗಿಲು ಹಾಕ್ಕೊಂಡ್ಲು. ಆಡಿದ ಮಾತನ್ನ ವಾಪಸ್ ತಗೊಳ್ಳೋಕಾಗುತ್ತಾ? ಹೊಟ್ಟೆನಾದ್ರೂ ಇಳಿಸೋಣ ಅಂದ್ಕೊಂಡೆ."

ಪೆಲೆ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು.

ಅಕೆನೆಸೆಯನ್ನು ಬಂಧಿಸಿದ್ದು ಚಾಪೆ ಎತ್ತಿದ ಹದಿಮೂರು ನಿಮಿಷದ ಮೇಲೆ. ಅಸೊಮುವಾ ಅಪ್ಪನಿಗೆ ಕೊಟ್ಟ ಮಾತು ಉಳಿಯಿತು.