ವಚನಶುದ್ಧಿ

"ಮನಶುದ್ಧಿ..." ಎಂದವನೇ ಆದಿನಾಥ ಅಲ್ಲಿಗೇ ತಡೆದು ನಿಂತುಬಿಟ್ಟ.

ರಂಗೋಲಿಯ ಆಚೆ ಜೈನ ಮುನಿಗಳು ನಿಂತಿದ್ದರು. ದಿನಕ್ಕೆ ಒಂದೇ ಹೊತ್ತಿನ ಅವರ ಆಹಾರ ಇಂದು ಘೋಡಗೇರಿಯ ಈ ಮನೆಯಲ್ಲಿ ಆಗಬೇಕಿತ್ತು. ಅಂಥ ಭಾಗ್ಯ ಈ ಹೊಸ್ತಿಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಮಡಿಯುಟ್ಟ ದೀಪಾಲಿ ಕಲಶ ಹಿಡಿದು ಗಂಡನ ಪಕ್ಕದಲ್ಲಿದ್ದಳು. ಮನಸ್ಸು, ಮಾತು, ಮೈ ಮೂರೂ ಶುದ್ಧವಾಗಿವೆ ಎಂದು ಮನೆಯವರು ಬಾಯಿಬಿಟ್ಟು ಹೇಳಿದ ಮೇಲೆಯೇ ಮುನಿಗಳು ಒಳಗೆ ಬರುವುದು. ಮುಂದಿನ ಮಾತು ‘ವಚನಶುದ್ಧಿ.’

"ಹೇಳೋ... ಮುಂದಿಂದ ಹೇಳೋ ಆದಿ!" ಹಿಂದಿನಿಂದ ತಾಯಿ ಇಂದುಬಾಯಿ ಪಿಸುಗುಟ್ಟಿದಳು.

"ಹೇಳಾಕ ಆಗೂದಿಲ್ಲವ್ವಾ..." ಆದಿನಾಥ ಕೈಮುಗಿದ. "ಮಹಾರಾಜರ, ಎರಡ ವರ್ಷದ ಹಿಂದ ನಿಮ್ಮ ಮುಂದನ, ಸಾಯೂತನಕ ಕುಡಿಯೂದಿಲ್ಲಂತ ನೇಮ ತಗೊಂಡಿದ್ದೆ. ಮುರದೇನ್ರಿ. ನನ್ನ ಮಾತು ಶುದ್ಧ ಇಲ್ರಿ!"

ಓಣಿಯ ಜನವೆಲ್ಲ ಕೇಳಿಸಿಕೊಂಡಿತು. ಮುನಿಗಳು ಒಂದು ಗಳಿಗೆ ಅವನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮೌನ ಮುರಿಯದೆ, ಬಂದ ದಾರಿಯಲ್ಲೇ ಬಸದಿಗೆ ಹಿಂದಿರುಗಿದರು. ಅಂದು ಅವರಿಗೆ ಉಪವಾಸ.

"ಹಸದ ಕಳಿಸಿದ್ಯಲ್ಲೋ ಪಾಪಿ!" ಇಂದುಬಾಯಿ ಹೊಸ್ತಿಲ ಮೇಲೆಯೇ ಕುಸಿದಳು. "ಎಪ್ಪತ್ತ ದಿನದಿಂದ ಮುಟ್ಟಿಲ್ಲ, ಯಾರ ಕೇಳ್ತಿದ್ರ ನಿನ್ನ? ಒಂದ ಮಾತು... ಒಂದ ಮಾತ ಅಂದಿದ್ರ ಆಗ್ತಿತ್ತು!" ಆಮೇಲೆ ಸೊಸೆಯ ಕಡೆ ತಿರುಗಿದಳು. "ಎಲ್ಲಾ ನಿನ್ನಿಂದನ! ಆ ಕುಡುಕರ ಕೂಟಕ್ಕ ಕರಕೊಂಡ ಹೋದಾಕಿ ನೀನ. ಕುರಿ ಕಾಯಾಂವನ ಕಡೆ ಬುದ್ಧಿ ಕಲಿಯೂ ಹಣೇಬರಾ ಬಂತ ನನ್ನ ಮಗಗ!"

ದೀಪಾಲಿ ತಲೆ ತಗ್ಗಿಸಿದಳು. ಕರೆದುಕೊಂಡು ಹೋದದ್ದು ನಿಜವೇ ಆಗಿತ್ತು.

ಆ ನೇಮ ಕೊಡಿಸಿದವಳು ಇಂದುಬಾಯಿಯೇ. ಊರಿಗೆಲ್ಲ ಪೇಢೆ ಹಂಚಿದ್ದಳು. ನೇಮ ಉಳಿದದ್ದು ಮೂರೇ ತಿಂಗಳು. ಮುರಿದ ದಿನದಿಂದ ಆದಿನಾಥ ಬಸದಿಯ ಮೆಟ್ಟಿಲು ತುಳಿಯಲಿಲ್ಲ; ಆ ನಾಚಿಕೆಗೇ ಇನ್ನಷ್ಟು ಕುಡಿದ. ಅವನು ಬಿದ್ದುಕೊಂಡಾಗಲೆಲ್ಲ ತಾಯಿ ಬಾಗಿಲು ಹಾಕಿ, "ಜ್ವರ ಬಂದಾವ" ಎನ್ನುತ್ತಿದ್ದಳು. ಮಗ ನೇಮದಲ್ಲಿದ್ದಾನೆಂದೇ ಊರು ನಂಬಿತ್ತು!

ಕುಡಿತ ಬಿಡುವ ದಾರಿ ತೋರಿಸಿದವಳು ಆ ಕುರಿ ಕಾಯುವವನ ಹೆಂಡತಿ ಸತ್ತೆವ್ವ. ಹಿಟ್ಟಿನ ಗಿರಣಿಯಲ್ಲಿ ದೀಪಾಲಿಯ ಬಾತ ಕಣ್ಣು ನೋಡಿ ತಾನಾಗಿಯೇ ಹೇಳಿದ್ದಳು. "ನಮ್ಮಾಂವ ಐದ ವರ್ಷಾತು ಮುಟ್ಟಿಲ್ಲ ನೋಡವಾ. ಗೋಕಾಕದ ಸಾಲ್ಯಾಗ ಗುರುವಾರ ಸಂಜಿಕ ಕುಡಿಯೂದ ಬಿಟ್ಟಾವ್ರೆಲ್ಲಾ ಕೂಡತಾರ. ರೊಕ್ಕ ಕೇಳೂದಿಲ್ಲ, ಯಾರ ಮುಂದೂ ಹೇಳೂದಿಲ್ಲ."

ಮೊದಲ ದಿನ ಆದಿನಾಥ ಶಾಲೆಯ ಕೋಣೆಯ ಬಾಗಿಲಿನಿಂದಲೇ ತಿರುಗಿದ್ದ. ಒಳಗೆ ಪುಟ್ಟ ಮಕ್ಕಳ ಬೆಂಚುಗಳ ಮೇಲೆ ದೊಡ್ಡ ಗಂಡಸರು ಮೊಣಕಾಲು ಎದೆಗೆ ತಾಗಿಸಿಕೊಂಡು ಕುಳಿತಿದ್ದರು. ಸತ್ತೆವ್ವನ ಗಂಡ ಬೀರಸಿದ್ದಪ್ಪ ಎದ್ದು ಬಂದು ತೋಳು ಹಿಡಿದ.

"ಬರ್ರಿ, ನಾಚಬ್ಯಾಡ್ರಿ. ಎಲ್ಲಾರೂ ಕುರಿ ಹೊಡ್ಕೊಂಡ ಮನಿಗಿ ಬರ್ತಾರ. ನನ್ನ, ಕುರಿಗೋಳ ಹೊಡ್ಕೊಂಡ ಬರ್ತಿದ್ವು!"

ಆದಿನಾಥ ನಕ್ಕುಬಿಟ್ಟ. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ದೀಪಾಲಿಗೆ ಆ ನಗು ಕೇಳಿ ಅಳುವೇ ಬಂತು... ಎಷ್ಟು ದಿನವಾಗಿತ್ತು! ಕಿಟಕಿಯಿಂದ ಬೀರಸಿದ್ದಪ್ಪನ ಮಾತು ಕೇಳಿಸುತ್ತಿತ್ತು. "ಸಾಯೂತನಕದ ಮಾತ ಯಾಂವಗ ಗೊತ್ತೈತ್ರಿ? ಇವತ್ತೊಂದ ದಿನ ಬ್ಯಾಡ ಅನ್ರಿ. ಮತ್ತ ಖರೆ ಮಾತಾಡ್ರಿ. ಸುಳ್ಳ ಮುಚ್ಚಿಟ್ಟಾಂವ ಹೊಳ್ಳಿ ಬಾಟ್ಲಿ ಹಿಡಿತಾನ."

ಎರಡು ಸಲ ಎಡವಿದ. ಆಮೇಲೆ ಒಂದೊಂದೇ ದಿನವಾಗಿ ಎಪ್ಪತ್ತು ದಿನ ದಾಟಿಸಿದ. ಅಷ್ಟರಲ್ಲಿ ಮುನಿಗಳು ಊರಿಗೆ ಬಂದರು. "ನಾ ನಿಂದರೂದಿಲ್ಲವ್ವಾ" ಎಂದವನನ್ನು ಇಂದುಬಾಯಿಯೇ ಕೈಹಿಡಿದು ಬಾಗಿಲಿಗೆ ಎಳೆದು ತಂದಿದ್ದಳು.

ಮುನಿಗಳು ಹಸಿದು ಹೋದ ಮೇಲೆ ಅವಳು ಮಗನ ಸಂಗಡ ಮಾತಾಡಲಿಲ್ಲ. ಮೂರನೆಯ ದಿನ, ಗುರುವಾರ, ಮಗನ ಕೂಟದ ದಿನವೇ ಗಂಟು ಕಟ್ಟಿದಳು. ಮೂಡಲಗಿಯ ಅಣ್ಣನ ಮನೆಯಲ್ಲೇ ಇನ್ನು ಮುಂದಿನ ದಿನಗಳು... ಗೋಕಾಕದವರೆಗೆ ಮೂವರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಬಂದರು. ಅವಳು ಮೂಡಲಗಿಯ ಬಸ್ಸು ಹತ್ತಿ ಕುಳಿತಳು. ಆದಿನಾಥ ಕಿಟಕಿಯ ಸರಳು ಹಿಡಿದು ನಿಂತ.

"ಅವ್ವಾ, ಹೋಗಬ್ಯಾಡ..."

"ಹಂಗಾದ್ರ ನನ್ನ ಕೈಮ್ಯಾಲ ಕೈ ಇಟ್ಟ ಹೇಳು. ಸಾಯೂತನಕ ಮುಟ್ಟೂದಿಲ್ಲ ಅನ್ನು. ಈಗಿಂದೀಗ ಇಳೀತೀನಿ!"

ಅವನು ತಾಯಿ ಚಾಚಿದ ಕೈಯನ್ನು ನೋಡಿದ. ಹೇಳಿಬಿಡಲಿ ದೇವರೇ ಎಂದು ದೀಪಾಲಿಗೂ ಒಂದು ಕ್ಷಣ ಅನಿಸಿತು.

"ಇವತ್ತ ಮುಟ್ಟೂದಿಲ್ಲವ್ವಾ. ಅಷ್ಟ ಹೇಳಾಕ ಬರ್ತೈತಿ ನನಗ."

ಇಂದುಬಾಯಿ ಮಗನ ಮುಖ ನೋಡಿದಳು. ಸಿಟ್ಟು ಎಲ್ಲೋ ಹೋಗಿತ್ತು. ಮುದುಕಿಯೊಬ್ಬಳು ಮಾತ್ರ ಉಳಿದಿದ್ದಳು. ಕಿಟಕಿಯಿಂದ ಕೈ ಚಾಚಿ, ಸೆರಗಿನಿಂದ ಅವನ ಕೆನ್ನೆ ಒರೆಸಿದಳು.

"ಸುಳ್ಳರ ಹೇಳಬೇಕಿತ್ತೋ ಆದಿ... ನಾ ನಂಬತಿದ್ನಲ್ಲೋ..."

ಬಸ್ಸು ಹೊರಟಿತು. ನಿಲ್ದಾಣದ ಎದುರಿಗೇ ಸಾರಾಯಿ ಅಂಗಡಿಯಲ್ಲಿ ದೀಪ ಹತ್ತಿತ್ತು. ದೀಪಾಲಿ ಗಂಡನ ಪಾದಗಳನ್ನೇ ನೋಡುತ್ತ ನಿಂತಳು. ಅವು ಬಹಳ ಹೊತ್ತು ಅಲುಗಲಿಲ್ಲ... ಆಮೇಲೆ ಅವನು ಅಳುತ್ತಲೇ ಶಾಲೆಯ ಕಡೆಗೆ ನಡೆದ.