ಹೆಸರಿಲ್ಲದ ಬಟನ್‌ಗಳು

"ನನ್ನ ಚಪ್ಪಲಿ ಎಲ್ಲಿಗೆ ಒದ್ದೆಯೇ, ಗಿಣಿ?"

"ಇಲ್ಲೇ ಇದೆ. ಬೇಗ ಬಾ ಅತ್ತೆ, ಎಲ್ಲ ಕಾಯ್ತಿರ್ತಾರೆ."

ತಾತನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಅದು.

ಅತ್ತೆಗೆ ಕಣ್ಣು ಕಾಣದು. ಲೈಬ್ರರಿಯ ವೆಬ್‌ಸೈಟಿನಲ್ಲಿ ಅವಳಿಗೆ ಆಡಿಯೋ ಪುಸ್ತಕ ಹುಡುಕಿಕೊಡುತ್ತಿದ್ದವನು ಅವಳ ಅಪ್ಪ, ಗಿಣಿಯ ತಾತ. ಇನ್ನು ಆ ಕೆಲಸ ನನ್ನದು ಎಂದಿದ್ದಳು ಗಿಣಿ. "ಬೇಡ ಕಣೇ. ನನ್ನ ಪುಸ್ತಕ ನಾನೇ ಹುಡುಕ್ಕೋಬೇಕು," ಎಂದಿದ್ದಳು ಅತ್ತೆ.

ಹೊಸ ವೆಬ್‌ಸೈಟನ್ನು ಗಿಣಿಯ ಶಾಲೆಯ ಕಂಪ್ಯೂಟರ್ ಕ್ಲಬ್ಬಿನವರು ಮಾಡಿದ್ದರು. ಇವತ್ತು ಲೈಬ್ರರಿಯಲ್ಲಿ ಅತ್ತೆಯೇ ಅದರ ಟೆಸ್ಟರ್.

"ನಾವು ಕಣ್ಣಿಗೆ ಬಟ್ಟೆ ಕಟ್ಕೊಂಡು ಟೆಸ್ಟ್ ಮಾಡಿದೀವಿ ಆಂಟಿ. ಎಲ್ಲಾ ಪಾಸ್," ಎಂದ ಕ್ಲಬ್ಬಿನ ಲೀಡರ್.

ಅತ್ತೆ ಫೋನಿನ ಮೇಲೆ ಬೆರಳು ಸರಿಸಿದಳು. ಬೆರಳ ಕೆಳಗೆ ಏನಿದೆಯೋ ಅದನ್ನು ಅವಳ ಫೋನು ಓದಿ ಹೇಳುತ್ತದೆ.

"ಬಟನ್," ಎಂದಿತು ಫೋನು. "ಬಟನ್. ಬಟನ್."

"ಇದೇನು, ದರ್ಜಿ ಅಂಗಡಿಗೆ ಬಂದ್ವಾ?"

"ಆ ಕೆಂಪು ಬಟನ್ ಒತ್ತಿ ಆಂಟಿ," ಎಂದ ಲೀಡರ್. ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಾಲಿಗೆ ಕಚ್ಚಿಕೊಂಡ.

"ಬಟ್ಟೆ ಕಟ್ಕೊಂಡಾಗ ನಿಂಗೆ ಹೇಗಪ್ಪಾ ಸಿಕ್ತು?"

"ಅದು... ಎಲ್ಲಿದೆ ಅಂತ ಗೊತ್ತಿತ್ತಲ್ಲ. ಇಟ್ಟೋನು ನಾನೇ."

ಅತ್ತೆಯ ಬೆರಳು ಇನ್ನೂ ತಡಕುತ್ತಿತ್ತು. ಗಿಣಿಗೆ ತಡೆಯಲಾಗಲಿಲ್ಲ. ಕೈ ಚಾಚಿದಳು.

"ಕೈ ತೆಗಿ. ನೀನು ಒತ್ತಿದ್ರೆ ಟೆಸ್ಟ್ ನಿಂದಾಗುತ್ತೆ."

ಪ್ರತಿ ಬಟನ್ನಿಗೂ ಫೋನು ಓದುವಂಥ ಹೆಸರು ಬೇಕು ಎಂದಳು ಅತ್ತೆ. ಮಕ್ಕಳು ಕೀಬೋರ್ಡಿಗೆ ಮುತ್ತಿಕೊಂಡರು. ಗಿಣಿಯೂ ಒಂದೆರಡು ಹೆಸರು ಟೈಪ್ ಮಾಡಿದಳು.

ಅತ್ತೆ ಮತ್ತೆ ಮುಟ್ಟಿದಳು.

"ಹುಡುಕಿ," ಎಂದಿತು ಫೋನು. ಬೆರಳು ಸರಿಯಿತು. "ನನ್ನ ಪುಸ್ತಕಗಳು." ಅತ್ತೆ ಒತ್ತಿದಳು. "ನಿಮ್ಮ ಬಳಿ ಇರುವುದು: ವಯಸ್ಸಾದವರಿಗೆ ಈಜು."

"ನೀನು ತಗೊಂಡಿದ್ದಾ ಅತ್ತೆ?"

"ನಾನಲ್ಲ. ನನ್ನ ಲೈಬ್ರರಿ ಕಾರ್ಡಲ್ಲಿ ನಮ್ಮಪ್ಪ ತಗೊಂಡಿದಾನೆ, ಕಳ್ಳ. ಬಕೆಟ್ ನೀರಿಗೂ ಹೆದರ್ತಿದ್ದ ಮನುಷ್ಯ!"

ಅವಳು ಆ ಪುಸ್ತಕವನ್ನು ಒಂಚೂರು ಹಾಕಿ ಕೇಳಿದಳು. "ಹೆದರಬೇಡಿ," ಎಂದಿತು ಒಂದು ಗಂಭೀರ ದನಿ. "ಮೊದಲು ಪಾದ ಮಾತ್ರ ನೀರಿಗಿಡಿ."

ಅತ್ತೆ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ವಾಪಸ್ ಕೊಡ್ತೀನಿ. ಇನ್ಯಾರೋ ಅಜ್ಜ ಕಾಯ್ತಿರ್ತಾನೆ."

ಅವಳ ಬೆರಳು ಪರದೆಯ ಮೇಲೆ ನಿಧಾನಕ್ಕೆ ಹೊರಟಿತು. ಬಟನ್ ಎಲ್ಲಿದೆ ಎಂದು ಗಿಣಿಗೆ ಕಾಣುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.

"ಹಿಂದಿರುಗಿಸಿ," ಎಂದಿತು ಫೋನು.

ಅತ್ತೆ ಒತ್ತಿದಳು.