ದೆಸಂಕಾಳ ಕರಿಮೊಟ್ಟೆ

ಟಪ್ — ಮೊದಲ ಕುಟ್ಟಿಗೇ ದೆಸಂಕಾಳ ಬಾತುಮೊಟ್ಟೆ ಒಡೆಯಿತು. ಎರಡನೆಯದೂ ಅಷ್ಟೇ. ಮೂರನೆಯದು ಬೆರಳಿನ ಒತ್ತಡಕ್ಕೇ ಕುಸಿಯಿತು. ಚರ್ಚಿನ ಅಂಗಳದಲ್ಲಿ ನೆರೆದ ಜನ ಬಾಯಿಗೆ ಕೈಯಿಟ್ಟರು. ಮೊಟ್ಟೆಗೆ ಮೊಟ್ಟೆ ಕುಟ್ಟಿ, ಯಾರದು ಒಡೆಯಿತೋ ಅವರು ಸೋಲುವ ಈಸ್ಟರಿನ ಪಂದ್ಯದಲ್ಲಿ ಒಂಬತ್ತು ವರ್ಷ ಸೋಲರಿಯದ ಮುದುಕಿ ಇವಳು!

ಪಂದ್ಯದ ಯಜಮಾನ ವಿದೋಸಾವ್ ಚಿಪ್ಪನ್ನು ಎತ್ತಿ ತೋರಿಸಿದ. ಕಾಗದದಷ್ಟು ತೆಳು. ಇದು ಬಾತುಗಳ ರೋಗ, ಊರಿಗೆಲ್ಲ ಹಬ್ಬುವ ಮೊದಲು ಇವಳ ಹನ್ನೊಂದು ಬಾತುಗಳನ್ನೂ ಸಂಜೆಯೊಳಗೆ ಕೊಯ್ಯಬೇಕು ಎಂದ. ಹಲವರು ಹೌದೆಂದು ತಲೆಯಾಡಿಸಿದರು.

"ಕೊಯ್ಯೋಕೆ ಬರೋನು ಮೊದಲು ನನ್ನ ಕೊಯ್ಯಲಿ," ಎಂದಳು ದೆಸಂಕಾ. "ನನ್ನ ಬಾತಿಗೆ ರೋಗ ಅಂದೋರ ನಾಲಿಗೆಗೇ ರೋಗ."

ಗಂಡ ತೀರಿಹೋದ ಮೇಲೆ ಗೇಟಿನ ಸದ್ದಿಗೆ ಓಡಿ ಬರುವ ಜೀವಗಳೆಂದರೆ ಆ ಕರಿಬಾತುಗಳೇ. ಬಿಟ್ಟುಕೊಡುತ್ತಾಳೆಯೇ?

ಮೂವತ್ತು ವರ್ಷ ಊರಿಗೆ ಅಂಚೆ ಹಂಚಿ ನಿವೃತ್ತಳಾದ ಸ್ತೋಯಾಂಕಾ ಮುಂದೆ ಬಂದು, ಬಿದ್ದ ಚೂರುಗಳನ್ನು ಕರವಸ್ತ್ರಕ್ಕೆ ಆಯ್ದುಕೊಂಡಳು. ಬಾತುಗಳಿಗೆ ಮೇವು ಹಾಕುವವರು ಯಾರು ಎಂದು ಕೇಳಿದಳು. ತಿಂಗಳಿಂದ ದೆಸಂಕಾಗೆ ಕಾಲುನೋವು. ಹಾಕುತ್ತಿದ್ದವಳು ಪಕ್ಕದ ಮನೆಯ ರಾದೋಯ್ಕಾ. ಎಲ್ಲರ ಕಣ್ಣೂ ಅವಳತ್ತ ತಿರುಗಿತು. ಮೊಟ್ಟೆ ಗಟ್ಟಿಯಾಗಲೆಂದು ಜೋಳದ ಜೊತೆ ಹಾಕುವ ಕುಟ್ಟಿದ ಕಪ್ಪೆಚಿಪ್ಪನ್ನು ಒಂದು ದಿನವೂ ತಪ್ಪಿಸಿಲ್ಲವೆಂದು ಅವಳು ಆಣೆಯಿಟ್ಟಳು. ಗುರುವಾರ ಸಂಜೆ ಮೊಟ್ಟೆಗಳನ್ನು ಯಜಮಾನನ ಮನೆಗೆ ಮುಟ್ಟಿಸಿದವಳೂ ಅವಳೇ. ಯಾರೂ ಕದ್ದು ಮೆರುಗೆಣ್ಣೆ ಬಳಿದು ಚಿಪ್ಪು ಗಟ್ಟಿ ಮಾಡದಿರಲೆಂದು, ಶುಕ್ರವಾರ ಎಲ್ಲರ ಮೊಟ್ಟೆಗೂ ಅಲ್ಲೇ ಒಂದೇ ಪಾತ್ರೆಯಲ್ಲಿ ಬೇಯಿಸಿ ಕೆಂಪು ಬಣ್ಣ ಕಟ್ಟುವುದು ಊರಿನ ಕಟ್ಟಳೆ.

"ದಾರೀಲಿ ಎಷ್ಟು ಹೊತ್ತಾಯ್ತು?" ಎಂದಳು ಸ್ತೋಯಾಂಕಾ.

"ಹತ್ತು ನಿಮಿಷ, ಅಕ್ಕಾ."

"ಆಮೇಲೆ ಯಾರ ಕೈಲಿದ್ವು, ವಿದೋಸಾವ್?"

"ಯಾರ ಕೈಲೂ ಇಲ್ಲ. ನೆಲಮಾಳಿಗೇಲಿಟ್ಟು ಬೀಗ ಹಾಕಿದ್ದೆ. ಬಣ್ಣ ಕಟ್ಟೋವರೆಗೂ ಬೀಗದ ಕೈ ನನ್ನ ಜೇಬಲ್ಲೇ ಇತ್ತು," ಎಂದು ಅವನು ಎದೆಯುಬ್ಬಿಸಿದ.

ಸ್ತೋಯಾಂಕಾ ದೆಸಂಕಾಳ ಹಿತ್ತಿಲಿಗೆ ಹೋಗಿ, ಅಂದು ಬೆಳಿಗ್ಗೆ ಇಟ್ಟ ಮೊಟ್ಟೆಯೊಂದನ್ನು ತಂದಳು. ಒಲೆಯ ಬೂದಿಯಿಂದ ಹೆಕ್ಕಿದ ಹಾಗೆ ಕಪ್ಪು. ಈ ಬಾತುಗಳ ವಸಂತದ ಮೊದಲ ಮೊಟ್ಟೆಗಳೇ ಹಾಗೆ; ಬೇಸಿಗೆ ಬಂದಂತೆ ಬಣ್ಣ ತಿಳಿಯಾಗುತ್ತದೆ.

"ಪ್ರತಿ ವರ್ಷ ಇವಕ್ಕೆ ಕೆಂಪು ಹತ್ತುತ್ತಾ?"

"ಎಲ್ಲಿ ಹತ್ತುತ್ತೆ? ಒಣ ಪ್ಲಮ್ಮಿನ ಬಣ್ಣ ಆಗುತ್ತೆ," ಎಂದಳು ರಾದೋಯ್ಕಾ.

ಸ್ತೋಯಾಂಕಾ ಕರವಸ್ತ್ರ ಬಿಚ್ಚಿದಳು. ಚೂರುಗಳು ಚೆರ್ರಿ ಹಣ್ಣಿನಂತೆ ಕೆಂಪಗಿದ್ದವು. ಬೆಳಿಗ್ಗೆ ಆ ಬಣ್ಣ ಕಂಡು ಎಷ್ಟು ಚೆಂದವೆಂದು ಹಿಗ್ಗಿದ್ದು ನೆನಪಾಗಿ ದೆಸಂಕಾಗೆ ಮೈ ಉರಿಯಿತು.

"ರೋಗ ಬಂದ್ರೂ, ಮೇವು ಸಾಲದಿದ್ರೂ ಚಿಪ್ಪು ತೆಳುವಾಗುತ್ತೆ, ನಿಜ. ಆದ್ರೆ ಬಾತಿನ ಹೊಟ್ಟೇಲಿ ಚಿಪ್ಪು ಕಟ್ಟಿದ ಮೇಲೆ ಕಪ್ಪು ಕೊನೇಲಿ ಹತ್ತೋದು — ತೆಳು ಚಿಪ್ಪಿನ ಮೇಲೂ ಅದು ಇರ್ಬೇಕಿತ್ತು. ಇಲ್ಲಿ ಕಪ್ಪೂ ಇಲ್ಲ, ಚಿಪ್ಪಿನ ಮೇಲ್ಮೈ ಸುಣ್ಣದ ಥರ ಒರಟು. ಕಪ್ಪನ್ನೂ ಚಿಪ್ಪನ್ನೂ ತಿನ್ನೋ ವಿನೆಗರಲ್ಲಿ ಇವನ್ನ ನೆನೆಸಿದಾರೆ. ಹತ್ತು ನಿಮಿಷದ ಕೆಲಸ ಅಲ್ಲ ಅದು, ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಬೀಗದ ಕೈ ಯಾರ ಜೇಬಲ್ಲಿತ್ತು?"

ಒಂಬತ್ತು ವರ್ಷವೂ ಎರಡನೆಯವನಾಗಿಯೇ ಉಳಿದಿದ್ದ ವಿದೋಸಾವ್, ಬಣ್ಣದ ಪಾತ್ರೆಗೂ ವಿನೆಗರ್ ಹಾಕುತ್ತೇವಲ್ಲ ಎಂದು ಗೊಣಗಿದ.

"ಒಂದು ಚಮಚ. ಅದೇ ಪಾತ್ರೇಲಿ ನಿನ್ನ ಮೊಟ್ಟೆನೂ ಬೆಂದಿದೆ. ಅದು ಗಟ್ಟಿಯಾಗೇ ಇದೆಯಲ್ಲ?"

ದೆಸಂಕಾ ಕುಂಟುತ್ತ ಯಜಮಾನನೆದುರು ಬಂದು ನಿಂತು, ಕರಿಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ಬೇಯಿಸಿಲ್ಲ, ಬಣ್ಣಾನೂ ಕಟ್ಟಿಲ್ಲ. ರೋಗದ ಬಾತಿಂದು. ಹಿಡಿ ನಿನ್ನ ಮೊಟ್ಟೆ."

ಇಡೀ ಊರು ನೋಡುತ್ತಿತ್ತು, ಹಿಡಿಯದೆ ವಿಧಿಯಿರಲಿಲ್ಲ. ಟಪ್ — ಒಡೆದದ್ದು ಅವನದು. ದೆಸಂಕಾ ಕರಿಮೊಟ್ಟೆಯನ್ನು ಜೇಬಿಗಿಳಿಸಿ, ಹನ್ನೊಂದಕ್ಕೂ ಮೇವು ಹಾಕುವ ಹೊತ್ತಾಯಿತೆಂದು ಮನೆಯ ದಾರಿ ಹಿಡಿದಳು.